ಸಿಗ್ನಲ್ ಕಿತ್ತ ಸರ್ಕಲ್ಲು

ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ದಕ್ಷಿಣದಲ್ಲಿ, ಚೆಷೈರ್ ಸೀಮೆಯಲ್ಲಿ ಪಾಯಿಂಟನ್ ಎಂಬ ಸಣ್ಣ ಊರಿದೆ. ಹಿಂದೆ ಕಲ್ಲಿದ್ದಲ ಗಣಿಯ ಊರು. 1935ರಲ್ಲಿ ಗಣಿಗಳು ಮುಚ್ಚಿದವು. ಈಗ ದೊಡ್ಡ ನಗರಕ್ಕೆ ಕೆಲಸಕ್ಕೆ ಹೋಗಿಬರುವವರೇ ಅಲ್ಲಿ ಹೆಚ್ಚು. ಸೇಂಟ್ ಜಾರ್ಜ್ ಚರ್ಚಿನ ಮುಂದೆ ಲಂಡನ್ ರಸ್ತೆ, ಚೆಸ್ಟರ್ ರಸ್ತೆ ಮತ್ತು ಅಂಗಡಿಸಾಲಿನ ಪಾರ್ಕ್ ಲೇನ್ ಬಂದು ಕೂಡುತ್ತವೆ. ಆಗ ದಿನಕ್ಕೆ ಸುಮಾರು 26,000 ವಾಹನಗಳು ಓಡಾಡುತ್ತಿದ್ದವು, ಅವುಗಳಲ್ಲಿ ಭಾರಿ ಲಾರಿಗಳೂ ಸಾಕಷ್ಟು. ಸಿಗ್ನಲ್ಲು, ಕಂಬಿಬೇಲಿ, ಸಾಲುಗಟ್ಟಿದ ಲೇನುಗಳು ಸೇರಿ ಊರನ್ನು ನಾಲ್ಕು ತುಂಡು ಮಾಡಿದ್ದವು. ಪಾರ್ಕ್ ಲೇನಿನಲ್ಲಿ ಬಾಗಿಲು ಹಾಕಿದ ಅಂಗಡಿಗಳು ಕಣ್ಣಿಗೆ ಬೀಳತೊಡಗಿದ್ದವು.

2012ರ ಹೊತ್ತಿಗೆ ಈ ಸರ್ಕಲ್ಲಿನ ಮುಖವೇ ಬದಲಾಯಿತು. ಬೆನ್ ಹ್ಯಾಮಿಲ್ಟನ್-ಬೈಲಿ ಎಂಬ ವಿನ್ಯಾಸಕಾರ ಸಿಗ್ನಲ್ ದೀಪಗಳನ್ನೂ ಬೋರ್ಡುಗಳನ್ನೂ ತೆಗೆಸಿ, ನೆಲಕ್ಕೆ ಕಲ್ಲು ಹಾಸಿಸಿ, ಅಕ್ಕಪಕ್ಕ ಎರಡು ವೃತ್ತಗಳನ್ನು ಬರೆದರು. ಖರ್ಚು ಸುಮಾರು 40 ಲಕ್ಷ ಪೌಂಡ್. ಮರುವರ್ಷ ಬಂದ ಮಾರ್ಟಿನ್ ಕ್ಯಾಸಿನಿಯವರ ಕಿರುಚಿತ್ರ ಪಾಯಿಂಟನ್ನಿನ ಹೆಸರನ್ನು ನಗರ ವಿನ್ಯಾಸಕಾರರ ನಡುವೆ ಹಬ್ಬಿಸಿತು. ಅದನ್ನು ನೋಡುವಾಗ ನನಗೆ ನಗು ಬಂತು. ಗೆರೆಯಿಲ್ಲದ, ದೀಪವಿಲ್ಲದ ಜಂಕ್ಷನ್ನಿನಲ್ಲಿ ಕೈ ಅಡ್ಡ ಹಿಡಿದು ದಾಟುವ ವಿದ್ಯೆ ಬೆಂಗಳೂರಿನವರಿಗೆ ಯಾರೂ ಕಲಿಸಬೇಕಿಲ್ಲ! ಆದರೆ ಅಲ್ಲಿನ ಲಾರಿ ನಿಲ್ಲುತ್ತದೆ. ಯಾಕೆ ನಿಲ್ಲುತ್ತದೆ ಎಂಬಲ್ಲೇ ನನ್ನ ತಕರಾರು.

ಸಿಗ್ನಲ್ ತೆಗೆದುಹಾಕುವ ಈ ಚಿಂತನೆಯ ಮೂಲಪುರುಷ ನೆದರ್ಲೆಂಡ್ಸಿನ ಟ್ರಾಫಿಕ್ ಎಂಜಿನಿಯರ್ ಹಾನ್ಸ್ ಮಾಂಡರ್‌ಮನ್. ಡ್ರಾಖ್ಟನ್ ಊರಿನ ಕೂಡುರಸ್ತೆಯಿಂದ ಸಿಗ್ನಲ್ ತೆಗೆಸಿ, ಪತ್ರಕರ್ತರ ಎದುರು ಹಿಮ್ಮುಖವಾಗಿ ಅದರೊಳಕ್ಕೆ ನಡೆದು ತೋರಿಸುತ್ತಿದ್ದ ಧೈರ್ಯಸ್ಥ. ನಿಯಮ ಕಡಿಮೆಯಾದಷ್ಟೂ ಜನ ಎಚ್ಚರವಾಗುತ್ತಾರೆ, ಕಣ್ಣಿಗೆ ಕಣ್ಣು ಕೂಡಿಸಿ ದಾರಿ ಬಿಟ್ಟುಕೊಡುತ್ತಾರೆ ಎಂಬುದು ಅವರ ನಂಬಿಕೆ. ಕೇಳಲು ಚಂದ. ಪಾಯಿಂಟನ್ನಿನಲ್ಲಿ ಕೆಲಸ ಮಾಡಿದ್ದು ಇದೇ ಎಂದು ಮಾತ್ರ ನನಗೆ ಅನ್ನಿಸುವುದಿಲ್ಲ. ಊರೊಳಗೆ ಬರುವ ಬಾಯಲ್ಲೇ ರಸ್ತೆ ಕಿರಿದಾಗಿ ಒಂದೊಂದು ಕಡೆಗೆ ಒಂದೇ ಸಾಲಾಗುತ್ತದೆ. ಚಕ್ರದಡಿ ಡಾಂಬರು ಹೋಗಿ ಕಲ್ಲಿನ ಸದ್ದು ಶುರುವಾಗುತ್ತದೆ. ಹೆದ್ದಾರಿ ಮುಗಿಯಿತು, ಇನ್ನು ನಾಲ್ಕು ಜನ ಓಡಾಡುವ ಜಾಗ ಎಂದು ಚಾಲಕನ ಕಾಲಿಗೆ ಮೊದಲು ತಿಳಿಯುತ್ತದೆ, ತಲೆಗೆ ಆಮೇಲೆ. ವೇಗ ಇಳಿದಿರುವುದರಿಂದಲೇ ಸೌಜನ್ಯಕ್ಕೆ ಸಮಯ ಸಿಕ್ಕಿದೆ. ಊರಬಾಗಿಲು ಎಂದರೆ ಕಮಾನು ಕಟ್ಟಿ ಹೆಸರು ಕೊರೆಸುವುದು ಎಂದುಕೊಂಡವರು ನೋಡಿ ಕಲಿಯಬೇಕಾದ ಕೆಲಸ ಇದು.

ಇನ್ನು ಕಣ್ಣೋಟದ ಸಂಗತಿ. ಕಣ್ಣು ಕಾಣದವರು ಯಾರೊಡನೆ ದೃಷ್ಟಿ ಕೂಡಿಸಬೇಕು? ರಸ್ತೆಯಂಚಿನ ಕಲ್ಲನ್ನು ಬಿಳಿಕೋಲಿನಿಂದ ತಡವಿ ದಾರಿ ಹಿಡಿಯುವವರಿಗೆ, ಆ ಅಂಚನ್ನೇ ತಗ್ಗಿಸಿದ ಬಯಲು ಚಕ್ರವ್ಯೂಹವಿದ್ದಂತೆ. ಚಕ್ರಗಳ ಸದ್ದನ್ನೇ ನಂಬಿ ದಾಟುವವರಿಗೆ, ಹೆಚ್ಚಿನ ಸಲ ಪೂರ್ತಿ ನಿಲ್ಲದೆ ತೆವಳುವ ವಾಹನಗಳ ಸಾಲು ಇನ್ನೂ ಕಷ್ಟ. ಅಂಧರಾದ ಮಾಜಿ ಪ್ಯಾರಾಲಿಂಪಿಕ್ ಈಜುಗಾರ, ಲಾರ್ಡ್ ಹೋಮ್ಸ್, ವಾಹನಗಳೂ ಪಾದಚಾರಿಗಳೂ ಹಂಚಿಕೊಳ್ಳುವ ಇಂಥ ಬೀದಿಗಳ ಬಗ್ಗೆ 2015ರಲ್ಲಿ ವರದಿಯೊಂದನ್ನು ತಂದರು. ಉತ್ತರಿಸಿದವರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿ ಆ ಬೀದಿಗಳ ಕಡೆಗೇ ಹೋಗುವುದಿಲ್ಲ ಎಂದಿದ್ದರು. ಸಿಟ್ಟಿದ್ದವರೇ ಇಂಥ ಸಮೀಕ್ಷೆಗಳಿಗೆ ಮುಂದಾಗಿ ಉತ್ತರಿಸುತ್ತಾರೆ ಎಂದು ವಾದಿಸಬಹುದು, ಸರಿ. ಆದರೆ ಕಿರುಚಿತ್ರದ ಸಂತೋಷದ ಗುಂಪಿನಲ್ಲಿ ಮನೆಯಲ್ಲೇ ಉಳಿದವರು ಹೇಗೆ ಕಂಡಾರು? 2018ರಲ್ಲಿ ಬ್ರಿಟನ್ ಸರ್ಕಾರವೇ ಅಂಚಿಲ್ಲದ ಸಮತಟ್ಟು ಬೀದಿಗಳ ಹೊಸ ಯೋಜನೆಗಳನ್ನು ತಡೆಹಿಡಿಯುವಂತೆ ಸ್ಥಳೀಯ ಆಡಳಿತಗಳಿಗೆ ಹೇಳಿತು.

ಕಲ್ಲಿನದು ಬೇರೆಯೇ ಕಥೆ. ಭಾರಿ ಲಾರಿಗಳ ಕೆಳಗೆ ಪಾಯಿಂಟನ್ನಿನ ಹಾಸು ಸಡಿಲವಾಗಿ, ದುರಸ್ತಿಗೆ ಮತ್ತೆ ಮತ್ತೆ ಹಣ ಬೇಕಾಯಿತು. ಬೆಂಗಳೂರಿನ ಚರ್ಚ್ ಸ್ಟ್ರೀಟಿಗೆ 2018ರಲ್ಲಿ ಹಾಕಿದ ಕಲ್ಲುಹಾಸು ಕೆಲವೇ ವರ್ಷಗಳಲ್ಲಿ ಎದ್ದು ಬಂದದ್ದನ್ನು ಎಡವಿ ತಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉದ್ಘಾಟನೆಗೆ ಸಿಗುವ ದುಡ್ಡು ನಿರ್ವಹಣೆಗೆ ಸಿಗುವುದಿಲ್ಲ. ಪಾಯಿಂಟನ್ನಿನ ಲಾರಿಗಳೂ ಹಿಡಿಯಬಲ್ಲ ಊರಾಚೆಯ ಬೈಪಾಸ್ ತೆರೆದದ್ದು 2023ರಲ್ಲಿ, ಕಲ್ಲು ಹಾಸಿ ಹತ್ತು ವರ್ಷ ಕಳೆದ ಮೇಲೆ. ಹಿಂದುಮುಂದಾಗಿದ್ದರೆ ಒಳ್ಳೆಯದಿತ್ತು.

ಹಾಗೆಂದು ಹಳೆಯ ಸಿಗ್ನಲ್ ಕಂಬಗಳನ್ನು ಮತ್ತೆ ನೆಡಿ ಎನ್ನಲಾರೆ. ಕಿರಿದಾದ ದಾರಿ, ಊರಬಾಯಲ್ಲಿ ಬದಲಾಗುವ ನೆಲ, ಇಳಿದ ವೇಗ ಎಲ್ಲವೂ ಉಳಿಯಲಿ. ಅವುಗಳ ಜೊತೆಗೆ ಕೂಡುರಸ್ತೆಯ ಒಂದೊಂದು ತೋಳಿಗೂ ಕಪ್ಪುಬಿಳುಪು ಪಟ್ಟೆಯ ಜೀಬ್ರಾ ದಾಟುದಾರಿ, ಅದರ ಎರಡೂ ತುದಿಗೆ ಕಾಲಿಗೆ ತಾಗುವಂಥ ಉಬ್ಬುಹಂಚು ಇದ್ದಿದ್ದರೆ ವಿನ್ಯಾಸದ ಅಂದಕ್ಕೆ ಏನು ಕುಂದಾಗುತ್ತಿತ್ತು? ಫೋಟೋದಲ್ಲಿ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ, ಅಷ್ಟೆ.