ಇಲ್ಲದ ಗೂಢಪುರುಷ: ‘ನಾರ್ತ್ ಬೈ ನಾರ್ತ್‌ವೆಸ್ಟ್’ ಚಲಚ್ಚಿತ್ರದ ರಸವಿಚಾರ

ಗೂಢಪುರುಷರ ಸಾಹಸವನ್ನು ವಸ್ತುವಾಗುಳ್ಳ ಚಲಚ್ಚಿತ್ರಗಳಲ್ಲಿ ಆಲ್ಫ್ರೆಡ್ ಹಿಚ್‌ಕಾಕನು 1959ರಲ್ಲಿ ನಿರ್ದೇಶಿಸಿದ ‘ನಾರ್ತ್ ಬೈ ನಾರ್ತ್‌ವೆಸ್ಟ್’ ಇಂದಿಗೂ ಸಹೃದಯರ ಆದರಕ್ಕೆ ಪಾತ್ರವಾಗಿರುವುದು. ಅದರ ಆಕರ್ಷಣೆಯು ಓಟದಲ್ಲಿಯೂ ಪ್ರಪಾತದಲ್ಲಿಯೂ ಇರುವುದೆಂದು ಕೆಲವರು ಹೇಳುವುದುಂಟು. ಅಷ್ಟೇ ಆಗಿದ್ದರೆ, ಇದಕ್ಕಿಂತ ವೇಗವುಳ್ಳ ಚಿತ್ರಗಳು ಬಂದಮೇಲೆ ಇದು ಮರೆತುಹೋಗಬೇಕಾಗಿತ್ತು. ಹಾಗಾಗಲಿಲ್ಲವಾದುದರಿಂದ ಕಾರಣವನ್ನು ಬೇರೆಡೆ ಅರಸಬೇಕು.

ಅರ್ನೆಸ್ಟ್ ಲೇಮನ್ನನು ರಚಿಸಿದ ಕಥೆಯ ಬೀಜವು ಒಂದು ಅಭಾವ. ಜಾರ್ಜ್ ಕಪ್ಲನ್ ಎಂಬ ಗೂಢಪುರುಷನೇ ಇಲ್ಲ. ಶತ್ರುವಿನ ಬಳಿಯಲ್ಲಿರುವ ನಿಜವಾದ ಚಾರಿಣಿ ಈವ್ ಕೆಂಡಾಲಳ ಮೇಲೆ ಸಂಶಯವು ಬೀಳದಿರಲೆಂದು ಅಮೆರಿಕದ ಗುಪ್ತಚರ ಇಲಾಖೆಯು ಹೋಟೆಲುಗಳಲ್ಲಿ ಕೋಣೆ ಹಿಡಿದು, ಬಟ್ಟೆಗಳನ್ನಿರಿಸಿ, ಒಂದು ಹೆಸರನ್ನು ಮಾತ್ರ ಸಂಚರಿಸುವಂತೆ ಮಾಡಿತ್ತು. ರಜ್ಜುವಿದ್ದರಲ್ಲವೆ ಸರ್ಪಭ್ರಾಂತಿ? ಇಲ್ಲಿಯಾದರೋ ಸರ್ಪವು ಮೊದಲು ಕಲ್ಪಿತವಾಯಿತು, ರಜ್ಜುವು ಆಮೇಲೆ ತಾನಾಗಿ ಬಂದು ಬಿದ್ದಿತು. ಆ ರಜ್ಜುವೇ ಜಾಹೀರಾತಿನ ವ್ಯವಹಾರದ ಥಾರ್ನ್‌ಹಿಲ್. ಕಪ್ಲನ್ನನ ಹೆಸರನ್ನು ಕೂಗಿದ ಕ್ಷಣದಲ್ಲಿಯೇ, ತಾಯಿಗೆ ತಂತಿ ಕಳುಹಿಸಲು ಹೋಟೆಲಿನ ಹುಡುಗನನ್ನು ಕರೆದದ್ದೊಂದೇ ಅವನ ಅಪರಾಧ. ಅವನ ಹೆಸರಿನ ನಡುವಣ ಅಕ್ಷರಕ್ಕೂ ಅರ್ಥವೇನೂ ಇಲ್ಲವೆಂದು ಅವನೇ ಒಪ್ಪಿಕೊಳ್ಳುತ್ತಾನೆ, ಇದು ವಿನೋದಮಾತ್ರವಲ್ಲ.

1909ರಲ್ಲಿ ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸಂನ್ಯಾಸಿ, ಗೃಹಸ್ಥ, ವರ್ತಕ, ಭಿಕ್ಷುಕಿ ಮೊದಲಾದ ವೇಷಗಳ ಗೂಢಪುರುಷರನ್ನು ಹೇಳಿದೆ. ಅವರೆಲ್ಲರಿಗೂ ವೇಷದ ಹಿಂದೆ ಒಂದು ದೇಹವುಂಟು; ಕಪ್ಲನ್ನನಿಗೆ ಅದೂ ಇಲ್ಲ.

ಬಯಲಿನ ದೃಶ್ಯವು ಚಿತ್ರದ ಸಾರಭಾಗ. ಭಯಾನಕಕ್ಕೆ ಶೂನ್ಯಾಗಾರ, ಅರಣ್ಯ ಮೊದಲಾದವು ವಿಭಾವಗಳೆಂದು ಭರತನ ಮತ. ಹಿಚ್‌ಕಾಕನು ಕತ್ತಲೆಯನ್ನೂ ಮರೆಯನ್ನೂ ತೆಗೆದುಹಾಕಿ, ನೆರಳಿಲ್ಲದ ಬಯಲಿನಲ್ಲಿ ಹಗಲುಹೊತ್ತು ಒಬ್ಬನನ್ನು ಬಸ್ಸಿನಿಂದಿಳಿಸುತ್ತಾನೆ. ವಾಹನಗಳು ಬರುತ್ತವೆ, ಹೋಗುತ್ತವೆ. ಬಸ್ಸಿಗೆ ಕಾದಿದ್ದ ಅಪರಿಚಿತನೊಬ್ಬನು, ಬೆಳೆಯಿಲ್ಲದ ಕಡೆಯಲ್ಲಿ ಆ ವಿಮಾನವು ಔಷಧಿ ಚೆಲ್ಲುತ್ತಿದೆಯಲ್ಲಾ ಎಂದು ಹೇಳಿ ಹೊರಟುಹೋಗುತ್ತಾನೆ. ಸಾಧಾರಣವಾದ ಆ ಒಂದು ಮಾತಿನಿಂದ ಆಕಾಶವೆಲ್ಲ ಶತ್ರುವಾಗುವುದು. ಬರ್ನಾರ್ಡ್ ಹರ್ಮನ್ನನ ವಾದ್ಯಗಳು ಅದುವರೆಗೆ ಮೂಕವಾಗಿದ್ದು, ವಿಮಾನವು ಎಣ್ಣೆಯ ಲಾರಿಗೆ ಬಡಿದು ಉರಿದಮೇಲೆಯೇ ನುಡಿಯುತ್ತವೆ. ವಾದ್ಯವು ಮೊದಲೇ ಭಯವನ್ನು ಸೂಚಿಸಿದ್ದರೆ ಪ್ರೇಕ್ಷಕನು ತಾನಾಗಿ ಭಯಪಡುವ ಅವಕಾಶವನ್ನು ಕಳೆದುಕೊಳ್ಳುತ್ತಿದ್ದನು.

ಆದರೆ ಭಯಾನಕದ ಕೆಳಗೆ ಹೆಚ್ಚು ಕಠಿನವಾದ ಪ್ರಶ್ನೆಯೊಂದಿದೆ. ಥಾರ್ನ್‌ಹಿಲ್ ನಿರಪರಾಧಿಯೆಂದು ಇಲಾಖೆಯ ಪ್ರೊಫೆಸರನಿಗೆ ಮೊದಲಿನಿಂದಲೂ ತಿಳಿದಿದೆ. ಆದರೂ ಆ ಭ್ರಾಂತಿಯು ಉಪಯುಕ್ತವೆಂದು ಅವನನ್ನು ಸಾವಿಗೆ ಬಿಟ್ಟುಬಿಡುತ್ತಾನೆ. ಈವಳ ಪ್ರಣಯವೂ ರಾಜ್ಯಕಾರ್ಯದ ಉಪಕರಣವೇ. ಇಂಥ ಹೆಂಗಸರನ್ನು ಒಡ್ಡಿ ಗೆಲ್ಲುವುದಕ್ಕಿಂತ ಸೋಲನ್ನು ಕಲಿಯುವುದು ಲೇಸೆಂಬ ಅರ್ಥದಲ್ಲಿ ಥಾರ್ನ್‌ಹಿಲ್ ಮಾತನಾಡಿದಾಗ ಚಿತ್ರದ ಲಘುತ್ವವೆಲ್ಲ ಒಮ್ಮೆಗೇ ಮಾಯವಾಗುವುದು. ವಿಶಾಖದತ್ತನ ಮುದ್ರಾರಾಕ್ಷಸದಲ್ಲಿ ವಧ್ಯಸ್ಥಾನದ ಸನ್ನಾಹವು ಕಪಟವಾದರೂ, ಮಿತ್ರನಿಗಾಗಿ ರಾಕ್ಷಸನು ತನ್ನನ್ನು ಒಪ್ಪಿಸಿಕೊಳ್ಳುವುದು ಸತ್ಯ; ಚಾಣಕ್ಯನ ನೀತಿಯು ಆ ಸತ್ಯದ ಮುಂದೆ ತಲೆಬಾಗುತ್ತದೆ.

ಇಲ್ಲಿಯ ನಿರ್ವಹಣವು ಅಷ್ಟು ಸಮರ್ಥವಲ್ಲ. ರಶ್‌ಮೋರ್ ಬೆಟ್ಟದ ಶಿಲಾಮುಖಗಳಿಂದ ಜಾರುತ್ತಿರುವ ಈವಳ ಕೈಯನ್ನು ಹಿಡಿದೆಳೆದರೆ, ಅವಳು ರೈಲುಗಾಡಿಯ ಮೇಲಣ ಮಲಗುಹಲಗೆಗೇ ಬಂದು ಸೇರುತ್ತಾಳೆ! ಈ ಸಂಧಿಯ ಚಾತುರ್ಯವು ಶ್ಲಾಘ್ಯವೇ. ಆದರೆ ಕಡೆಯ ಗಳಿಗೆಯಲ್ಲಿ ಬಂದೂಕಿನವರೊಡನೆ ಬಂದು ನಿಂತ ಪ್ರೊಫೆಸರನನ್ನು ಯಾರೂ ಏನನ್ನೂ ಕೇಳುವುದಿಲ್ಲ.