ಬೀಗದ ಕೈ ಗೊಂಚಲು ಯಾರ ಬಳಿ?

ಪಹಣಿಗಾಗಿ ರಾಯಚೂರು, ದೇವದುರ್ಗ ಅಥವಾ ಮಾನ್ವಿಯ ತಾಲ್ಲೂಕು ಕಚೇರಿಗೆ ಹೋಗಿ ಬಂದವರು ನಿಮ್ಮ ಮನೆಯಲ್ಲೂ ಇರಬಹುದು. ಬೆಳೆಸಾಲಕ್ಕೂ ಜಮೀನಿನ ವ್ಯಾಜ್ಯಕ್ಕೂ ಆ ಹಾಳೆ ಬೇಕೇ ಬೇಕು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿತು. ಹದಿನೈದು ರೂಪಾಯಿಗೆ ಮುದ್ರಿತ ಪಹಣಿ ಕೈಗೆ ಸಿಗತೊಡಗಿದ್ದನ್ನು ಎಲ್ಲರೂ ಹೊಗಳಿದರು. ವಿಜ್ಞಾನ ವಿದ್ಯಾರ್ಥಿಗಳಾದ ನೀವು ಗಮನಿಸಬೇಕಾದ ಅಂಶ ಬೇರೊಂದಿದೆ. ಆ ತಂತ್ರಾಂಶವನ್ನು ತೆರೆಯುವ ನೌಕರನಿಂದ ಅದು ಬೆರಳಚ್ಚನ್ನು ಕೇಳುತ್ತಿತ್ತು. ಪಾಸ್‌ವರ್ಡನ್ನು ಪಕ್ಕದ ಮೇಜಿನವರಿಗೆ ಹೇಳಿ ಊಟಕ್ಕೆ ಹೋಗಬಹುದು. ಬೆರಳನ್ನು ಬಿಟ್ಟು ಹೋಗಲಾಗದು. ಅಲ್ಲದೆ ಹಕ್ಕು ಬದಲಾವಣೆಯ ಅರ್ಜಿಯನ್ನು ದಾಖಲಿಸುವವರು ಒಬ್ಬರು, ಆದೇಶ ನೀಡುವ ಕಂದಾಯ ನಿರೀಕ್ಷಕರು ಇನ್ನೊಬ್ಬರು. ಒಂದೇ ಕೈ ಎಲ್ಲವನ್ನೂ ಮಾಡುವಂತಿರಲಿಲ್ಲ.

ನೀನು ಯಾರು? ನಿನಗೆ ಏನು ಮಾಡಲು ಅನುಮತಿ ಇದೆ? ಯಾವ ಎಲ್ಲೆಯೊಳಗೆ? ಈ ಮೂರು ಪ್ರಶ್ನೆಗಳನ್ನು ಹಿಡಿದು ಇಂದಿನ ಕ್ಲೌಡ್ ಗಣಕಗಳ ಕಂಟೇನರ್ ಕ್ಲಸ್ಟರ್‌ಗಳನ್ನು ಪರೀಕ್ಷಿಸಿದರೆ ಫಲಿತಾಂಶ ಅಷ್ಟೇನೂ ಹಿತಕರವಲ್ಲ.

ಮೊದಲು ಪರಿಚಯ. ಒಂದು ತಂತ್ರಾಂಶವನ್ನು ಅದಕ್ಕೆ ಬೇಕಾದ ಎಲ್ಲ ಸಾಮಗ್ರಿಯೊಡನೆ ಕಟ್ಟಿಟ್ಟ ಪೊಟ್ಟಣವೇ ಕಂಟೇನರ್. ಇಂಥ ನೂರಾರು ಪೊಟ್ಟಣಗಳನ್ನು ಹಲವು ಗಣಕಗಳ ಮೇಲೆ ಹಂಚಿ ನಡೆಸುವ ಮೇಸ್ತ್ರಿ ಕುಬರ್ನೆಟಿಸ್. 2014ರಲ್ಲಿ ಗೂಗಲ್ ಸಂಸ್ಥೆ ಇದನ್ನು ಮುಕ್ತವಾಗಿ ಹೊರತಂದಿತು. ಕಂಟೇನರ್‌ಗಳು ಇರುವ ಗೂಡಿಗೆ ಪಾಡ್ ಎಂದೂ, ಪಾಡ್‌ಗಳನ್ನು ವಿಂಗಡಿಸುವ ವಿಭಾಗಕ್ಕೆ ನೇಮ್‌ಸ್ಪೇಸ್ ಎಂದೂ ಹೆಸರು. ಉದಾಹರಣೆಗೆ, ಕಾಲೇಜೊಂದು ರಾಯಚೂರು, ದೇವದುರ್ಗ, ಮಾನ್ವಿಗಳ ಮಳೆಯ ಲೆಕ್ಕ ಇಡಲು ಮೂರು ನೇಮ್‌ಸ್ಪೇಸ್ ಮಾಡಿಕೊಂಡಿದೆ ಎಂದು ಊಹಿಸಿಕೊಳ್ಳಿ. ಮಾನ್ವಿಯ ಪಾಡ್ ದೇವದುರ್ಗದ ಅಂಕಿಗಳನ್ನು ತಿದ್ದುವಂತಿರಬಾರದು. ಇಷ್ಟು ಸರಳವಾದ ಬಯಕೆ ಈಡೇರುವುದು ಮಾತ್ರ ಸುಲಭವಲ್ಲ.

ತೊಡಕಿನ ಮೂಲ, ಇಲ್ಲಿ ಅಧಿಕಾರದ ರಿಜಿಸ್ಟರುಗಳು ಎರಡು. ಕ್ಲಸ್ಟರಿನ ಒಳಗೆ ಯಾರು ಏನು ಮಾಡಬಹುದೆಂಬುದು ಕುಬರ್ನೆಟಿಸ್‌ನ ಪಾತ್ರಾಧಾರಿತ ಅನುಮತಿ ಪಟ್ಟಿಯಲ್ಲಿರುತ್ತದೆ. ಈ ವ್ಯವಸ್ಥೆ ಸ್ಥಿರರೂಪ ಪಡೆದದ್ದು 2017ರಲ್ಲಿ. ಹೊರಗಿನ ಕಡತ ಸಂಗ್ರಹ, ದತ್ತಸಂಚಯ ಮುಂತಾದವುಗಳ ಅನುಮತಿ ಕ್ಲೌಡ್ ಕಂಪನಿಯ ಇನ್ನೊಂದು ಪಟ್ಟಿಯಲ್ಲಿರುತ್ತದೆ. ಎರಡನ್ನೂ ಕೂಡಿಸಿ ಓದದೆ ಉತ್ತರ ಸಿಗದು. ಅಮೆಜಾನ್‌ನ ಸೇವೆಯಲ್ಲಿ ಕ್ಲಸ್ಟರ್ ಸೃಷ್ಟಿಸಿದ ವ್ಯಕ್ತಿಗೆ ಪೂರ್ಣಾಧಿಕಾರ ತಾನಾಗಿಯೇ ದೊರೆಯುತ್ತಿತ್ತು. ಕ್ಲಸ್ಟರಿನ ಒಳಗಿನ ಪಟ್ಟಿಯಲ್ಲಿ ಆತನ ಹೆಸರೇ ಕಾಣುತ್ತಿರಲಿಲ್ಲ. ಇದನ್ನು ಕಣ್ಣಿಗೆ ಕಾಣುವಂತೆ ಮಾಡುವ ಹೊಸ ವಿಧಾನ ಬಂದದ್ದು 2023ರ ಕೊನೆಯಲ್ಲಿ. ವರ್ಗವಾಗಿ ಹೋದ ಅಧಿಕಾರಿಯ ಜೇಬಿನಲ್ಲಿ ಕಚೇರಿಯ ಬೀಗದ ಕೈ ಉಳಿದಿದ್ದರೆ, ಅದು ಯಾವ ಪುಸ್ತಕದಲ್ಲೂ ನಮೂದಾಗಿರದಿದ್ದರೆ ಹೇಗಿರುತ್ತದೆ, ಯೋಚಿಸಿ.

ಇನ್ನೊಂದು ಪ್ರಸಂಗ ಶಬ್ದಾರ್ಥಕ್ಕೆ ಸಂಬಂಧಿಸಿದ್ದು. ಕುಬರ್ನೆಟಿಸ್‌ನಲ್ಲಿ ‘ಗುರುತು ದೃಢಪಟ್ಟವರು’ ಎಂಬ ಗುಂಪು ತಾನಾಗಿಯೇ ಇರುತ್ತದೆ. ಹೆಸರು ಕೇಳಿದರೆ ‘ನಮ್ಮ ಸಂಸ್ಥೆಯವರು’ ಎನಿಸುತ್ತದೆ. ಗೂಗಲ್‌ನ ಸೇವೆಯಲ್ಲಿ ಅದರ ಅರ್ಥ, ಗೂಗಲ್ ಖಾತೆ ಇರುವ ಜಗತ್ತಿನ ಯಾರಾದರೂ! ಈ ತಪ್ಪು ತಿಳಿವಳಿಕೆಯಿಂದ ಆ ಗುಂಪಿಗೆ ಹೆಚ್ಚಿನ ಅಧಿಕಾರ ಕೊಟ್ಟ ಕ್ಲಸ್ಟರ್‌ಗಳಿರುವುದನ್ನು ಆರ್ಕಾ ಸೆಕ್ಯುರಿಟಿ ಎಂಬ ಸಂಸ್ಥೆ 2024ರ ಜನವರಿಯಲ್ಲಿ ಪ್ರಕಟಿಸಿತು. ಗುರುತು ದೃಢಪಟ್ಟಿತು ಎಂದ ಮಾತ್ರಕ್ಕೆ ಅನುಮತಿ ದೊರೆಯಬಾರದು. ಪಹಣಿ ಕೇಳಲು ಬಂದವನ ಹೆಸರು ನಿಜವೆಂದು ತಿಳಿದರೆ ಅವನನ್ನು ದಾಖಲೆ ಕೋಣೆಗೆ ಬಿಡುತ್ತೇವೆಯೇ?

ಬೆರಳಚ್ಚಿನ ಉಪಾಯ ಇಲ್ಲಿ ನಡೆಯುವುದಿಲ್ಲ ಎಂಬುದನ್ನೂ ಒಪ್ಪಬೇಕು. ಕ್ಲಸ್ಟರಿನ ಒಳಗೆ ಅನುಮತಿ ಕೇಳುವವರಲ್ಲಿ ಹೆಚ್ಚಿನವರು ಮನುಷ್ಯರಲ್ಲ, ತಂತ್ರಾಂಶಗಳು. ಅವಕ್ಕೆ ‘ಸರ್ವಿಸ್ ಅಕೌಂಟ್’ ಎಂಬ ಗುರುತನ್ನೂ ಟೋಕನ್ ಎಂಬ ಚೀಟಿಯನ್ನೂ ಕೊಡಲಾಗುತ್ತದೆ. ಮೊದಲು ಈ ಚೀಟಿಗೆ ಅವಧಿಯೇ ಇರುತ್ತಿರಲಿಲ್ಲ. ಒಮ್ಮೆ ಕದ್ದರೆ ಸದಾಕಾಲ ಉಪಯೋಗ. 2022ರ 1.24ನೇ ಆವೃತ್ತಿಯಿಂದ ಇಂಥ ಶಾಶ್ವತ ಚೀಟಿ ತಾನಾಗಿ ಹುಟ್ಟುವುದು ನಿಂತಿದೆ. ಇದು ಒಳ್ಳೆಯ ತಿದ್ದುಪಡಿ. ಆದರೆ ಬೇಡವೆಂದು ಬರೆಯದಿದ್ದರೆ ಪ್ರತಿ ಪಾಡ್‌ಗೂ ಒಂದು ಚೀಟಿಯನ್ನು ಇಟ್ಟುಕೊಡುವ ರೂಢಿ ಹಾಗೆಯೇ ಉಳಿದಿದೆ. ಮಳೆಯ ಅಂಕಿ ತೋರಿಸುವ ಪುಟಕ್ಕೆ ಕ್ಲಸ್ಟರಿನ ಆಡಳಿತದೊಡನೆ ಮಾತನಾಡುವ ಚೀಟಿ ಏಕೆ? ಹೀಗೆ ಕೇಳಿದರೆ ಸಮರ್ಪಕ ಉತ್ತರವಿಲ್ಲ.

ಪಾಡ್‌ಗಳ ಒಳಗೆ ಕೀಲಿಗಳನ್ನು ಬಿಟ್ಟರೆ ಏನಾಗುತ್ತದೆಂಬುದಕ್ಕೆ ಟೆಸ್ಲಾ ಕಂಪನಿಯ ಪ್ರಸಂಗ ಸಾಕ್ಷಿ. ಅದರ ಕುಬರ್ನೆಟಿಸ್ ನಿಯಂತ್ರಣ ಪುಟಕ್ಕೆ ಪಾಸ್‌ವರ್ಡೇ ಇರಲಿಲ್ಲ. ಒಳಹೊಕ್ಕವರಿಗೆ ಒಂದು ಪಾಡ್‌ನಲ್ಲಿ ಕ್ಲೌಡ್ ಖಾತೆಯ ಕೀಲಿಗಳು ಸಿಕ್ಕವು. ಕಂಪನಿಯ ಗಣಕಗಳಲ್ಲಿ ಅವರು ಕ್ರಿಪ್ಟೋ ನಾಣ್ಯ ಗಣಿಗಾರಿಕೆ ನಡೆಸಿದ್ದು 2018ರಲ್ಲಿ ಬಯಲಾಯಿತು.

ದೋಷವೆಲ್ಲ ಕಂಪನಿಗಳದ್ದೇ ಅಲ್ಲ. ನಾವು ಕಲಿಸುವ ರೀತಿಯದ್ದೂ ಹೌದು. ಪ್ರಯೋಗಾಲಯದಲ್ಲಿ ‘ಅನುಮತಿ ಇಲ್ಲ’ ಎಂಬ ಸಂದೇಶ ಬಂದೊಡನೆ ಕ್ಲಸ್ಟರ್-ಅಡ್ಮಿನ್ ಎಂಬ ಸರ್ವಾಧಿಕಾರವನ್ನು ಕೊಟ್ಟುಬಿಡುವುದು ಸಾಮಾನ್ಯ ಪರಿಹಾರ. ಪ್ರಯೋಗ ಮುಗಿಯುತ್ತದೆ, ಅಂಕವೂ ಬರುತ್ತದೆ. ಆದರೆ ಕಲಿಯಬೇಕಾಗಿದ್ದ ಪಾಠವೇ ಆ ಸಂದೇಶದಲ್ಲಿತ್ತು. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಲಿ ಎಂಬ ಕನಿಷ್ಠ ಅಧಿಕಾರದ ತತ್ತ್ವವನ್ನು ಸಾಲ್ಟ್ಜರ್ ಮತ್ತು ಶ್ರೋಡರ್ 1975ರಷ್ಟು ಹಿಂದೆಯೇ ಸ್ಪಷ್ಟವಾಗಿ ಬರೆದಿಟ್ಟಿದ್ದಾರೆ. ಪಠ್ಯದಲ್ಲಿ ಅದು ಎರಡು ಅಂಕದ ಪ್ರಶ್ನೆಯಾಗಿ ಉಳಿದಿದೆ.

ಅಧಿಕಾರ ಕಡಿಮೆ ಮಾಡುವಾಗಲೂ ಎಚ್ಚರ ಬೇಕು, ಏಕೆಂದರೆ ಕೆಲವು ಅನುಮತಿಗಳು ಹೆಸರಿಗಿಂತ ದೊಡ್ಡವು. ನಮ್ಮ ಊಹೆಯ ಮಾನ್ವಿ ನೇಮ್‌ಸ್ಪೇಸಿನಲ್ಲಿ ಒಬ್ಬ ವಿದ್ಯಾರ್ಥಿಗೆ ರಹಸ್ಯಗಳನ್ನು ಓದುವ ಅನುಮತಿ ಕೊಟ್ಟಿಲ್ಲ, ಪಾಡ್ ಸೃಷ್ಟಿಸುವ ಅನುಮತಿ ಮಾತ್ರ ಕೊಟ್ಟಿದ್ದೀರಿ ಎನ್ನಿ. ಆತ ರಹಸ್ಯವನ್ನು ಜೋಡಿಸಿಕೊಂಡ ಪಾಡ್ ಒಂದನ್ನು ಸೃಷ್ಟಿಸಿ ಅದರ ಮೂಲಕ ಓದಬಲ್ಲ; ಅಲ್ಲಿನ ಯಾವುದೇ ಸರ್ವಿಸ್ ಅಕೌಂಟಿನ ವೇಷವನ್ನೂ ತೊಡಬಲ್ಲ. ‘ಪಟ್ಟಿ ಮಾಡು’ ಎಂಬ ಅನುಮತಿಯೂ ಹೀಗೆಯೇ: ರಹಸ್ಯಗಳ ಪಟ್ಟಿ ಕೇಳಿದರೆ ಹೆಸರುಗಳ ಜೊತೆ ಒಳಗಿನ ಮಾಹಿತಿಯೂ ಬರುತ್ತದೆ. ಕುಬರ್ನೆಟಿಸ್‌ನ ಪಾತ್ರಗಳಲ್ಲಿ ‘ಇದನ್ನು ಕೊಡಬೇಡ’ ಎಂದು ಬರೆಯಲು ಅವಕಾಶವೇ ಇಲ್ಲ. ಕೊಟ್ಟವೆಲ್ಲ ಕೂಡುತ್ತ ಹೋಗುತ್ತವೆ. ಕೂಡುವುದನ್ನು ಮಾತ್ರ ಬಲ್ಲ, ಕಳೆಯುವುದನ್ನು ಅರಿಯದ ಗಣಿತ ಇದು.

‘ಭೂಮಿ’ಯನ್ನು ಆದರ್ಶವೆಂದು ಮುಂದಿಡುತ್ತಿಲ್ಲ. ಬೆರಳಚ್ಚು ಸರಿ, ಅನುಮತಿ ಸರಿ, ನಮೂದಿಸಿದ ಸಂಗತಿಯೇ ತಪ್ಪು ಎಂಬ ಸಾಧ್ಯತೆ ಅಲ್ಲಿಯೂ ಇದೆ. ಅದನ್ನು ಯಾವ ಟೋಕನ್ನೂ ತಡೆಯದು. ಆದರೆ ಆಗ ಯಾರನ್ನು ಕೇಳಬೇಕೆಂಬುದಾದರೂ ತಿಳಿದಿರುತ್ತದೆ. ಮೂವತ್ತು ವಿದ್ಯಾರ್ಥಿಗಳು ಒಂದೇ ಅಡ್ಮಿನ್ ಕಡತವನ್ನು ನಕಲು ಮಾಡಿಕೊಂಡ ಕ್ಲಸ್ಟರಿನಲ್ಲಿ ದಿನಚರಿ ಎಷ್ಟೇ ಉದ್ದವಿರಲಿ, ಎಲ್ಲ ಸಾಲಿನಲ್ಲೂ ಒಂದೇ ಹೆಸರು.

ಶಿಕ್ಷಕರು ಮುಂದಿನ ಪ್ರಯೋಗ ತರಗತಿಯಲ್ಲಿ ಹೀಗೆ ಮಾಡಿ ನೋಡಬಹುದು. ಪ್ರತಿ ವಿದ್ಯಾರ್ಥಿಗೆ ಪ್ರತ್ಯೇಕ ಗುರುತು, ಪ್ರತಿ ತಂಡಕ್ಕೆ ಒಂದು ನೇಮ್‌ಸ್ಪೇಸ್ ಕೊಡಿ. ಕುಬರ್ನೆಟಿಸ್‌ನಲ್ಲಿ ‘ಆತ್ ಕ್ಯಾನ್-ಐ’ ಎಂಬ ಆದೇಶವಿದೆ. ‘ನಾನು ಇದನ್ನು ಮಾಡಬಹುದೇ’ ಎಂಬುದಕ್ಕೆ ಹೌದು ಅಥವಾ ಇಲ್ಲ ಎಂದು ಉತ್ತರಿಸುತ್ತದೆ. ಮಾನ್ವಿ ತಂಡವು ದೇವದುರ್ಗದ ವಿಭಾಗದ ಬಗ್ಗೆ ಈ ಪ್ರಶ್ನೆ ಕೇಳಲಿ. ‘ಇಲ್ಲ’ ಎಂದು ಬಂದ ಪ್ರತಿ ಉತ್ತರವನ್ನು ಪ್ರಯೋಗ ಪುಸ್ತಕದಲ್ಲಿ ಬರೆಸಿ, ‘ಹೌದು’ ಎಂದು ಬಂದರೆ ಆ ಅನುಮತಿ ಯಾವ ಪಟ್ಟಿಯಿಂದ ಬಂತೆಂದು ಹುಡುಕಿಸಿ. ಅರ್ಧದಷ್ಟು ಅಂಕ ಆ ಹುಡುಕಾಟಕ್ಕೇ ಇರಲಿ.