ಗದಾಯುದ್ಧವೂ ಮೋಟಾರು ಪಂದ್ಯವೂ

ಕಾರಹುಣ್ಣಿಮೆಯ ಸಂಜೆ ಕುಷ್ಟಗಿ, ಯಲಬುರ್ಗಾ ಕಡೆಯ ಊರುಗಳಲ್ಲಿ ಕರಿ ಹರಿಯುವುದನ್ನು ಕಂಡವರಿಗೆ ಪಂದ್ಯದ ಸೊಗಸನ್ನು ಬೇರೆ ವಿವರಿಸಬೇಕಾಗಿಲ್ಲ. ಎತ್ತುಗಳು ಅಗಸಿಯತ್ತ ನುಗ್ಗುತ್ತವೆ. ಮುಂದೆ ಬಂದ ಎತ್ತಿನ ಬಣ್ಣವನ್ನು ನೋಡಿ ಈ ವರ್ಷ ಮುಂಗಾರಿ ಚೆನ್ನೋ ಹಿಂಗಾರಿ ಚೆನ್ನೋ ಎಂದು ಹಿರಿಯರು ಹೇಳುತ್ತಾರೆ. ಯಾವ ಎತ್ತು ಗೆದ್ದರೂ ಊರಿಗೆ ಒಂದು ಬೆಳೆ ಉಂಟು. ಮನುಷ್ಯರಿಬ್ಬರು ಎದುರಾದಾಗ ಮಾತ್ರ ಗೆಲವು ಒಬ್ಬನದೇ. ಸೋತವನಿಗೆ ಏನು ಉಳಿಯಿತೆಂದು ಕೇಳುವುದು ಕಾವ್ಯದ ಕೆಲಸ.

ರಾನ್ ಹೋವರ್ಡ್ ನಿರ್ದೇಶಿಸಿದ 'ರಷ್' (2013) ಚಿತ್ರವನ್ನು ನೋಡಿದಾಗ ಈ ವಿಚಾರ ಮನಸ್ಸಿಗೆ ಬಂದಿತು. 1976ರ ಫಾರ್ಮುಲಾ ಒನ್ ಮೋಟಾರು ಪಂದ್ಯಗಳಲ್ಲಿ ಇಂಗ್ಲೆಂಡಿನ ಜೇಮ್ಸ್ ಹಂಟ್‌ನಿಗೂ ಆಸ್ಟ್ರಿಯದ ನಿಕಿ ಲೌಡಾನಿಗೂ ನಡೆದ ಪೈಪೋಟಿಯೇ ಅದರ ವಸ್ತು. ಆಗಸ್ಟ್ 1ರಂದು ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಲೌಡಾನ ಕಾರು ಹೊತ್ತಿ ಉರಿಯಿತು. ಮುಖ ಸುಟ್ಟು ಸಾವಿನ ಬಾಗಿಲವರೆಗೆ ಹೋದವನು ಆರೇ ವಾರಗಳಲ್ಲಿ ಇಟಲಿಯ ಮೊಂಜಾದಲ್ಲಿ ಮತ್ತೆ ಪಂದ್ಯಕ್ಕಿಳಿದ. ಅಕ್ಟೋಬರ್ 24ರಂದು ಜಪಾನಿನ ಫೂಜಿಯಲ್ಲಿ ಕೊನೆಯ ಪಂದ್ಯ. ಲೌಡಾ 3 ಅಂಕ ಮುಂದಿದ್ದ. ವಿಪರೀತ ಮಳೆ. ಎರಡು ಸುತ್ತು ಮುಗಿಸಿ, ಇದು ಪ್ರಾಣಕ್ಕೆ ಅಪಾಯವೆಂದು ಆತ ಕಾರು ನಿಲ್ಲಿಸಿ ಇಳಿದುಬಿಟ್ಟ. ಹಂಟ್ ಮೂರನೆಯವನಾಗಿ ಬಂದು, 69ಕ್ಕೆ 68ರಂತೆ ಒಂದೇ ಅಂಕದಿಂದ ವಿಶ್ವವಿಜೇತನಾದ.

ಗಂಗಾವತಿಯ ರಸ್ತೆಯಲ್ಲಿ ಗೆಳೆಯರೊಡನೆ ಪಣ ಕಟ್ಟಿ ಮೋಟಾರ್‌ಸೈಕಲ್ ಓಡಿಸುವ ವಿದ್ಯಾರ್ಥಿಯೊಬ್ಬನಿಗೆ ಈ ಕಥೆ ಹೇಳಿದೆ. "ಹಂಗಾದ್ರ ಅಂವ ಅಂಜಿದ್ನೇನ್ರಿ, ಸರ?" ಎಂದ.

ಉತ್ತರಕ್ಕಾಗಿ ರನ್ನನ ಬಳಿಗೆ ಹೋಗಬೇಕಾಯಿತು. ಹತ್ತನೆಯ ಶತಮಾನದ ಈ ಕವಿ ತನ್ನ ದೊರೆ ಸತ್ಯಾಶ್ರಯನನ್ನು ಭೀಮನಲ್ಲಿ ಕಂಡು 'ಗದಾಯುದ್ಧ'ವನ್ನು ರಚಿಸಿದ. ಆದರೂ ಸಹೃದಯರ ಎದೆಯಲ್ಲಿ ನಿಲ್ಲುವವನು ದುರ್ಯೋಧನನೇ. ಹಗೆಯ ಮಗನಾದ ಅಭಿಮನ್ಯುವಿನ ಹೆಣದ ಮುಂದೆ ನಿಂತು, ಅಂಥ ಸಾವು ತನಗೂ ಬರಲೆಂದು ಬಯಸುವ ದೊಡ್ಡತನ ಅವನಿಗುಂಟು. ಭೀಷ್ಮರ ಮಾತಿನಂತೆ ಅವನು ವೈಶಂಪಾಯನ ಸರೋವರವನ್ನು ಹೊಗುತ್ತಾನೆ. ಆ ಒಂದು ದಿನ ಕಳೆದಿದ್ದರೆ ನೆರವು ಬರುವುದಿತ್ತು. ದಂಡೆಯ ಮೇಲಿನಿಂದ ಭೀಮನ ಮೂದಲೆ ಕೇಳುತ್ತದೆ. ನೀರಿನೊಳಗೂ ಅವನು ಬೆವರುತ್ತಾನೆ, ಹೊರಗೆ ಬರುತ್ತಾನೆ, ಸಾಯುತ್ತಾನೆ. ಆ ಛಲವೇ ಅವನ ಸೊಗಸು, ಅದೇ ಅವನ ಸಾವು. ರನ್ನ ಎರಡನ್ನೂ ತೋರಿಸಿದ, ಯಾವುದನ್ನೂ ಮರೆಮಾಡಲಿಲ್ಲ.

'ರಷ್' ಚಿತ್ರಕ್ಕೆ ಎಲ್ಲೆಡೆಯೂ ಈ ಹದ ಸಿಕ್ಕಿಲ್ಲ. ನಿಜದಲ್ಲಿ ಹಂಟ್, ಲೌಡಾ ಇಬ್ಬರೂ ಗೆಳೆಯರು. ನೋಡುವವರ ಕುತೂಹಲಕ್ಕಾಗಿ ಚಿತ್ರ ಅವರ ನಡುವೆ ಇಲ್ಲದ ಹಗೆಯನ್ನು ಬೆಳೆಸಿದೆ. ಅಲ್ಲಿ ರಸಕ್ಕಿಂತ ಗದ್ದಲವೇ ಹೆಚ್ಚು. ಆದರೆ ಫೂಜಿಯ ದೃಶ್ಯ ಈ ಕೊರತೆಯನ್ನು ತುಂಬಿಕೊಡುತ್ತದೆ. ಲೌಡಾನ ಪಾತ್ರ ವಹಿಸಿದ ಡೇನಿಯಲ್ ಬ್ರೂಲ್ ಅಲ್ಲಿ ವೀರನಾಗಲು ಹವಣಿಸುವುದಿಲ್ಲ. ಕಾರು ನಿಧಾನಿಸುತ್ತದೆ, ಅಷ್ಟೇ. ನೀರಿನಿಂದ ಮೂದಲೆ ಹೊರಗೆಳೆದವನು ಒಬ್ಬ. ಜಗತ್ತು ಏನೆಂದೀತೆಂಬ ಅಳುಕಿಲ್ಲದೆ ಮಳೆಯಿಂದ ತಾನಾಗಿ ಹೊರನಡೆದವನು ಇನ್ನೊಬ್ಬ.

ಆ ಹುಡುಗನಿಗೆ ಇಷ್ಟನ್ನೂ ಹೇಳಿ, ಲೌಡಾ 1977ರಲ್ಲಿಯೂ 1984ರಲ್ಲಿಯೂ ಮತ್ತೆ ವಿಶ್ವವಿಜೇತನಾದನೆಂದೂ 2019ರವರೆಗೆ ಬದುಕಿದ್ದನೆಂದೂ ಸೇರಿಸಿದೆ. ಅವನು ಒಪ್ಪಿದನೆಂದು ಹೇಳಲಾರೆ. ಮುಂಗಾರು ಹತ್ತಿರ ಬಂದಿದೆ, ರಸ್ತೆಗಳು ನೆನೆಯುತ್ತವೆ. ಗೆಳೆಯರು ಮೂದಲಿಸುವ ಹೊತ್ತಿಗೆ ಅವನಿಗೆ ಇಬ್ಬರಲ್ಲಿ ಯಾರ ನೆನಪಾಗುವುದೋ!